ನನ್ನ ಹೆಸರಿನ ಮುಂದಿನ ಸಂಖ್ಯೆ

ಬಾಗಲಗುಂಟೆ
14 ನವೆಂಬರ್ 2010, ಭಾನುವಾರ

ಪ್ರೀತಿಯ ಯಮುನಾ,

ನೀನು ಎಲೆಕ್ಟ್ರಾನಿಕ್ ಸಿಟಿಯ ಯೂನಿಟ್ಟಿಗೆ ಹೋಗಿ ಎರಡು ವಾರವಾಯಿತು. ಇಲ್ಲಿ ನಮ್ಮ ಪೀಣ್ಯದ ಹೆಲ್ತ್ ರೂಮಿಗೆ ನಿನ್ನ ಬದಲು ಇನ್ನೂ ಯಾವ ನರ್ಸೂ ಬಂದಿಲ್ಲ. ತಲೆನೋವು ಅಂದರೆ ಸೂಪರ್‌ವೈಸರ್ ತಾನೇ ಡ್ರಾಯರಿನಿಂದ ಮಾತ್ರೆ ತೆಗೆದು ಕೊಡುತ್ತಾನೆ. ಫೋನು ಮಾಡೋಣವೆಂದರೆ ಒಳಗೆ ಫೋನು ಬಿಡುವುದಿಲ್ಲ, ನಾನು ಹೊರಗೆ ಬರುವ ಹೊತ್ತಿಗೆ ನಿನ್ನದು ಸ್ವಿಚ್ ಆಫ್. ಎರಡೂ ಯೂನಿಟ್ಟಿನ ಮಧ್ಯೆ ಸಾಮಾನು ಸಾಗಿಸುವ ವ್ಯಾನಿನ ಪಾಪಯ್ಯಣ್ಣನೇ ದಾರಿ ಹೇಳಿದ. "ಬರ್ದು ಕೊಡಮ್ಮ, ಸಿಸ್ಟರ್ ಕೈಗೇ ಕೊಡ್ತೀನಿ" ಅಂದ. ಕುಷ್ಟಗಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನಾನು ಇಷ್ಟುದ್ದ ಬರೆದದ್ದೇ ಇಲ್ಲ. ತಪ್ಪಿದ್ದರೆ ನಗಬೇಡ.

ಒಂದು ವಿಷಯಕ್ಕೆ ಬರೆಯಲೇಬೇಕಾಯಿತು. ಅಕ್ಟೋಬರಿನಲ್ಲಿ ನೀನು ಮೂವತ್ತೆಂಟು ಜನರ ರಕ್ತ ತೆಗೆದೆಯಲ್ಲ, ಬಿಪಿಯನ್ನೂ ನೋಡಿದೆಯಲ್ಲ, ಅದರ ಚೀಟಿ ಯಾರ ಕೈಗೂ ಬಂದಿಲ್ಲ. "ಎಲ್ಲ ಸೇರಿಸಿ ಒಂದೇ ಸಲ ಕೊಡ್ತೀನಿ, ನಿಮ್ಮ ಒಳ್ಳೇದಕ್ಕೇ" ಅಂತ ನೀನು ಹೇಳಿದ್ದನ್ನು ಪ್ರತಿ ಮೇಜಿಗೂ ಹೋಗಿ ಹೇಳಿದವಳು ನಾನು. ಅವರು ಸೂಜಿಗೆ ಹೆದರಲಿಲ್ಲ, ಕಂಪನಿಗೆ ಹೆದರಿದ್ದರು. ನಾನೇ ಮೊದಲು ತೋಳು ಚಾಚಿದೆನೆಂದು ಉಳಿದವರು ಸಾಲು ನಿಂತರು. ಈಗ ದಿನಾ ನನ್ನನ್ನೇ ಕೇಳುತ್ತಾರೆ. ನನ್ನ ಕೋಣೆಯ ಜೊತೆಗಾತಿ ಚನ್ನಕ್ಕ ನಿನ್ನೆ ರೊಟ್ಟಿ ಬಡಿಯುತ್ತಾ, "ಗಂಗಕ್ಕಾ, ನಮ್ಮ ರಗತ ತಗೊಂಡು ತಿಂಗಳಾತು. ಅದರಾಗ ಏನ್ ಬಂತಂತ ಯಾರೂ ಹೇಳವಲ್ರು" ಅಂದಳು. ನಾನು "ಯಮುನಾ ಮರೆಯೋ ಹುಡುಗಿ ಅಲ್ಲ" ಅಂದೆ.

ನನ್ನ ತಲೆನೋವು ಹಾಗೇ ಇದೆ, ಬೆಳಿಗ್ಗೆ ಎದ್ದಾಗ ಹಿಂದಲೆಯಲ್ಲಿ. ಹೋದ ತಿಂಗಳ ಕೊನೆಯಲ್ಲಿ ಇಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ಬಿಪಿ ಇದೆಯೆಂದು ದಿನಕ್ಕೊಂದು ಮಾತ್ರೆ ಕೊಟ್ಟರು. ಅವರ ಮಿಷನ್ ಹಳೆಯದು, ತೋಳಿಗೆ ಸುತ್ತುವ ಪಟ್ಟಿ ಸಡಿಲ. ನಿನ್ನ ಚೀಟಿ ಬಂದರೆ ನಿಜ ಗೊತ್ತಾಗುತ್ತದೆ ಅಂತ ಕಾಯುತ್ತಿದ್ದೇನೆ.

ಊಟ ಸರಿಯಾಗಿ ಮಾಡು. ಅಲ್ಲಿ ಒಬ್ಬಳೇ ಅಂತ ಬ್ರೆಡ್ಡು ತಿಂದು ಮಲಗಬೇಡ.

ನಿನ್ನ ಅಕ್ಕ,
ಶಿವಗಂಗಾ

*

ಎಲೆಕ್ಟ್ರಾನಿಕ್ ಸಿಟಿ
24 ನವೆಂಬರ್ 2010

ಪ್ರೀತಿಯ ಶಿವಗಂಗಕ್ಕ,

ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಪಾಪಯ್ಯಣ್ಣ ಹೆಲ್ತ್ ರೂಮಿನ ಬಾಗಿಲಿಗೇ ಬಂದು ಕೊಟ್ಟು ಹೋದರು. ಇಲ್ಲಿ ರೂಮು ದೊಡ್ಡದು, ಎರಡು ಮಂಚ ಇವೆ. ಕೆಲಸ ಕಾಯಂ ಆಯಿತು ಅಂತ ಹೇಳಿದ್ದೆನಲ್ಲ. ಆನೇಕಲ್ಲಿನ ಮನೆಗೆ ವಾರಕ್ಕೊಮ್ಮೆ ಹೋಗಿ ಬರಬಹುದು, ಅಮ್ಮನಿಗೆ ಅದೇ ಸಂತೋಷ.

ಎಲ್ಲರ ರಿಪೋರ್ಟು ಹೆಡ್ ಆಫೀಸಿನಲ್ಲಿದೆ ಅಕ್ಕ. ಅಲ್ಲಿಂದ ಬರಬೇಕು. ನಿಮ್ಮದು ಮಾತ್ರ ನನಗೆ ನೆನಪಿದೆ. ಬಿಪಿ 124/82. ಚೆನ್ನಾಗಿದೆ, ಚಿಂತೆ ಬೇಡ.

ಆದರೆ ನಿಮ್ಮ ವಿಟಮಿನ್ ಡಿ ಎಂಟೇ ಎಂಟು. ಕಡೇಪಕ್ಷ ಇಪ್ಪತ್ತಾದರೂ ಇರಬೇಕು. ನಿಮಗೊಬ್ಬರಿಗೇ ಅಲ್ಲ, ಕಾಯಿಲ್ ಸುತ್ತುವ ಆ ಹಾಲ್‌ನಲ್ಲಿ ಕೂರುವ ಎಲ್ಲರಿಗೂ ಹಾಗೇ. ಏಳಕ್ಕೆ ಒಳಗೆ ಹೋಗಿ ಏಳಕ್ಕೆ ಹೊರಗೆ ಬರುವವರ ಮೈಗೆ ಬಿಸಿಲು ಯಾವಾಗ ಬೀಳಬೇಕು? ಧೂಳು ಬರಬಾರದು ಅಂತ ಕಿಟಕಿಯೇ ಇಟ್ಟಿಲ್ಲವಲ್ಲ. ನಮ್ಮ ಕಂಪನಿ ಡಾಕ್ಟರು ಯಾವುದೋ ಸಮ್ಮೇಳನಕ್ಕೆ ಹೋಗಿಬಂದು ಹೇಳುತ್ತಿದ್ದರು, ಡಿ ಕಡಿಮೆ ಇರುವವರಲ್ಲಿ ಬಿಪಿಯೂ ಜಾಸ್ತಿ ಕಾಣುತ್ತದಂತೆ. ಬಿಸಿಲಿಗೂ ರಕ್ತನಾಳಕ್ಕೂ ಏನೋ ಸಂಬಂಧ ಇದೆಯಂತೆ. ಡಿ ಏರಿಸಿಕೊಂಡರೆ ಮುಂದೆಯೂ ಬಿಪಿ ಬರುವುದಿಲ್ಲ.

ಡಿ ಪುಡಿಯ ಎಂಟು ಪೊಟ್ಟಣ ಕಳಿಸಿದ್ದೇನೆ. ವಾರಕ್ಕೊಂದು, ಹಾಲಿನಲ್ಲಿ ಕಲಸಿ ಕುಡಿಯಿರಿ. ಭಾನುವಾರ ಟೆರೇಸಿನಲ್ಲಿ ಅರ್ಧ ಗಂಟೆ ಬಿಸಿಲಿಗೆ ನಿಲ್ಲಿ. ಪೊಟ್ಟಣ ನಾನು ಕಳಿಸಿದೆ ಅಂತ ಯಾರಿಗೂ ಹೇಳಬೇಡಿ, ಎಲ್ಲರಿಗೂ ಕೊಡುವಷ್ಟು ನನ್ನ ಹತ್ತಿರ ಇಲ್ಲ.

ನಿಮ್ಮ,
ಯಮುನಾ

*

ಬಾಗಲಗುಂಟೆ
12 ಡಿಸೆಂಬರ್ 2010, ಭಾನುವಾರ

ಪ್ರೀತಿಯ ಯಮುನಾ,

ನಿನ್ನ ಪತ್ರ ಬಂದ ದಿನವೇ ಕ್ಲಿನಿಕ್ಕಿನ ಮಾತ್ರೆ ನಿಲ್ಲಿಸಿದೆ. ಅವರ ಮಿಷನ್ನಿನ ಮೇಲೆ ನನಗೆ ಮೊದಲೇ ಅನುಮಾನವಿತ್ತು. ನೀನೇ ಕೈಯಾರೆ ನೋಡಿ 124 ಅಂದಮೇಲೆ ಸುಮ್ಮನೆ ಆ ಮಾತ್ರೆ ಯಾಕೆ ನುಂಗಬೇಕು? ಮನಸ್ಸು ಹಗುರವಾಯಿತು.

ಎರಡು ಪೊಟ್ಟಣ ಮುಗಿದವು. ಯಾರಿಗೂ ಹೇಳಬೇಡ ಅಂದಿದ್ದೆ, ತಪ್ಪಾಯಿತು, ಒಂದರಲ್ಲಿ ಅರ್ಧ ಚನ್ನಕ್ಕನಿಗೆ ಕೊಟ್ಟೆ. ಒಂದೇ ಒಲೆಯ ಹಾಲು, ಹೇಗೆ ಬಚ್ಚಿಟ್ಟು ಕುಡಿಯಲಿ? ಅವಳು ಕೂರುವುದೂ ಅದೇ ಹಾಲ್‌ನಲ್ಲಿ, ಅದೇ ಟ್ಯೂಬ್‌ಲೈಟಿನ ಕೆಳಗೆ. ಇಬ್ಬರೂ ಈಗ ಭಾನುವಾರ ಬಟ್ಟೆ ಒಗೆದು ಟೆರೇಸಿನಲ್ಲಿ ತೋಳು ಬಿಟ್ಟುಕೊಂಡು ಕೂರುತ್ತೇವೆ. ಮನೆ ಓನರ್ ಭಾಗ್ಯಮ್ಮ ಮೇಲೆ ಬಂದವರು, "ಏನ್ರಮ್ಮ, ಸಂಡಿಗೆ ಥರ ಒಣಗ್ತಾ ಇದ್ದೀರ?" ಅಂದರು. ಚನ್ನಕ್ಕ, "ಔಷಧ ಅದರೀ ಇದು, ಪುಕ್ಕಟೆ ಐತಿ" ಅಂದಳು. ಭಾಗ್ಯಮ್ಮ ತಾವೂ ಸ್ವಲ್ಪ ಹೊತ್ತು ಕೂತು ಹೋದರು.

ತಲೆನೋವು ಮಾತ್ರ ಹೋಗಿಲ್ಲ. ಡಿ ಏರುವುದಕ್ಕೆ ಎಷ್ಟು ವಾರ ಬೇಕು? ಉಳಿದವರ ಚೀಟಿ ಬಂತಾ? ಈ ಪತ್ರಕ್ಕೆ ಬೇಗ ಉತ್ತರ ಬರೆ. ನನ್ನ ಪಕ್ಕದ ಮೇಜಿನ ಮಲಕವ್ವನಿಗೆ ಈಚೆಗೆ ಮೂಗಿನಲ್ಲಿ ರಕ್ತ ಬಂದಿತ್ತು, ಪಾಪ, ಬಹಳ ಹೆದರಿದ್ದಾಳೆ.

ನಿನ್ನ ಅಕ್ಕ,
ಶಿವಗಂಗಾ

*

ಬಾಗಲಗುಂಟೆ
3 ಜನವರಿ 2011

ಪ್ರೀತಿಯ ಯಮುನಾ,

ಹೋದ ಪತ್ರಕ್ಕೆ ಉತ್ತರ ಬರಲಿಲ್ಲ. ಮೂರು ವಾರ ಕಾದೆ. ಪಾಪಯ್ಯಣ್ಣ, "ಕೊಟ್ಟಿದ್ದೀನಮ್ಮ, ನನ್ನ ಮುಂದೇನೆ ಓದಿದ್ರು. ಆಮೇಲೆ ಬರ್ದು ಕೊಡ್ತೀನಿ ಅಂದ್ರು" ಅನ್ನುತ್ತಾನೆ. ಹುಷಾರಾಗಿದ್ದೀಯಾ? ಮನೆಯಲ್ಲಿ ಏನಾದರೂ ತೊಂದರೆಯೇ?

ಇಲ್ಲಿ ಕೆಟ್ಟದಾಗಿದೆ. ಡಿಸೆಂಬರ್ 31ರ ಸಂಜೆ ಹನ್ನೊಂದು ಜನರನ್ನು ಎಚ್ಆರ್ ರೂಮಿಗೆ ಕರೆದು ಕಾಂಟ್ರ್ಯಾಕ್ಟ್ ಮುಂದುವರಿಸುವುದಿಲ್ಲ ಅಂದರು. ಹನ್ನೊಂದೂ ಜನ ಹೆಂಗಸರು. ಮಲಕವ್ವ ಇದ್ದಾಳೆ, ಚನ್ನಕ್ಕನೂ ಇದ್ದಾಳೆ. ನಾನು ಬಾಗಿಲಲ್ಲಿ ನಿಂತು ಎಚ್ಆರ್‌ನ ವಸಂತ್ ಸರ್ ಅವರನ್ನು ಕೇಳಿದೆ. "ನೋಡಮ್ಮ, ಆರ್ಡರ್ ಕಮ್ಮಿ ಆಗಿದೆ. ಮೇಲಿನವರ ಡಿಸಿಷನ್ನು, ನಮ್ ಕೈಲಿ ಏನಿಲ್ಲ" ಅಂದರು. ಇವತ್ತು ಸೋಮವಾರ ಹೋಗಿ ನೋಡಿದರೆ ಆ ಹನ್ನೊಂದು ಕುರ್ಚಿಯಲ್ಲಿ ಹೊಸ ಹುಡುಗಿಯರು. ಆರ್ಡರ್ ಕಡಿಮೆಯಾಗಿದ್ದರೆ ಅವರು ಯಾಕೆ?

ಆ ಹನ್ನೊಂದು ಜನವೂ ಅಕ್ಟೋಬರಿನಲ್ಲಿ ರಕ್ತ ಕೊಟ್ಟವರೇ. ರಕ್ತ ಕೊಡದ ಒಬ್ಬಳನ್ನೂ ತೆಗೆದಿಲ್ಲ. ಇದನ್ನು ಮೊದಲು ಲೆಕ್ಕ ಹಾಕಿದವಳು ಚನ್ನಕ್ಕ. ಟ್ರಂಕಿಗೆ ಬಟ್ಟೆ ತುಂಬುತ್ತಾ, ನನ್ನ ಮುಖ ನೋಡದೆ, "ಎಲ್ಲಾರ್ನೂ ಕರಕೊಂಡು ಹೋದಾಕಿ ನೀನು. ನೀ ಒಬ್ಬಾಕಿ ಹೆಂಗ ಉಳದಿ, ಗಂಗಕ್ಕಾ?" ಅಂದಳು. ಅವಳು ಕಾಮಾಕ್ಷಿಪಾಳ್ಯದಲ್ಲಿ ಊರಿನವರ ಕೋಣೆಗೆ ಹೋದಳು. ನಾಲ್ಕು ವರ್ಷ ಒಂದೇ ಚಾಪೆಯ ಮೇಲೆ ಮಲಗಿದವರು ನಾವು.

ನಮ್ಮ ಪರವಾಗಿ ಮಾತಾಡಿ ನೀನೇ ತೊಂದರೆಗೆ ಸಿಕ್ಕಿಕೊಂಡೆಯೇನೋ, ಅದಕ್ಕೇ ಬರೆಯುತ್ತಿಲ್ಲವೇನೋ ಅಂತ ನನಗೆ ಭಯ. ಹಾಗಿದ್ದರೆ ಬರೆಯಬೇಡ, "ಹುಷಾರಾಗಿದ್ದೇನೆ" ಅಂತ ಒಂದು ಸಾಲು ಸಾಕು. ಬರೆಯಬಹುದಾದರೆ, ಆ ರಿಪೋರ್ಟಿಗೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಅಷ್ಟು ಹೇಳು. ಇಲ್ಲ ಅಂತ ನೀನು ಹೇಳಿದರೆ ಆ ಪತ್ರ ತೋರಿಸಿ ಚನ್ನಕ್ಕನನ್ನು ವಾಪಸು ಕರೆತರುತ್ತೇನೆ.

ಶಿವಗಂಗಾ

*

ಎಲೆಕ್ಟ್ರಾನಿಕ್ ಸಿಟಿ
20 ಜನವರಿ 2011

ಶಿವಗಂಗಕ್ಕ,

ಕ್ಷಮಿಸಿ, ಇಲ್ಲಿ ವಿಪರೀತ ಕೆಲಸ. ನಾನು ಹುಷಾರಾಗಿದ್ದೇನೆ. ಇನ್ನು ಮೇಲೆ ವ್ಯಾನಿನಲ್ಲಿ ಪತ್ರ ಕಳಿಸಬೇಡಿ, ಇಲ್ಲಿ ಜನ ಮಾತಾಡುತ್ತಾರೆ. ಹನ್ನೊಂದು ಜನರ ವಿಷಯ ಎಚ್ಆರ್‌ಗೆ ಸೇರಿದ್ದು, ನರ್ಸಿಗೆ ಅದೆಲ್ಲ ಗೊತ್ತಾಗುವುದಿಲ್ಲ.

ತಲೆನೋವಿಗೆ ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಕ್ಲಿನಿಕ್ಕಿನ ಮಾತ್ರೆ ಇನ್ನೂ ಉಳಿದಿದ್ದರೆ ತೆಗೆದುಕೊಂಡರೂ ತೊಂದರೆಯೇನಿಲ್ಲ. ಪುಡಿ ಮಾತ್ರ ತಪ್ಪಿಸಬೇಡಿ.

ಯಮುನಾ

*

ಬಾಗಲಗುಂಟೆ
20 ಫೆಬ್ರವರಿ 2011, ಭಾನುವಾರ

ಯಮುನಾ,

ಇದನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ಕಾರಣ ಮುಂದೆ ಓದು.

ಫೆಬ್ರವರಿ 4ರಂದು ಮಧ್ಯಾಹ್ನ ಮೈಕ್ರೋಸ್ಕೋಪಿನಲ್ಲಿ ಕಾಯಿಲ್‌ನ ಕೂದಲೆಳೆಯಂಥ ತಂತಿ ನೋಡುತ್ತಿದ್ದೆ. ಎಡಗಣ್ಣಿನ ಕೆಳಗಿನ ಅರ್ಧಕ್ಕೆ ಯಾರೋ ಪರದೆ ಎಳೆದ ಹಾಗಾಯಿತು. ಗಾಜು ಒರೆಸಿದೆ, ಕಣ್ಣು ಒರೆಸಿದೆ. ನೋವಿಲ್ಲ, ಏನಿಲ್ಲ, ಕತ್ತಲೆ ಮಾತ್ರ. ಮಾರನೆಯ ದಿನ ಸರ್ಕಾರಿ ಕಣ್ಣಾಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ, ಒಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನ ಮಾತಾಡದೆ, "ನಿಮ್ಗೆ ಬಿಪಿ ಎಷ್ಟು ವರ್ಷದಿಂದ ಇದೆ?" ಅಂತ ಕೇಳಿದರು.

ನನಗೆ ಬಿಪಿ ಇಲ್ಲ ಮೇಡಂ ಅಂದೆ. ನೋಡಿಸಿದರು. 190/116. ಇನ್ನೊಂದು ತೋಳಿಗೆ ಕಟ್ಟಿ ನೋಡಿಸಿದರು, ಅದೇ. ಕಣ್ಣಿನ ಹಿಂದಿನ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡು ರಕ್ತ ಸೋರಿದೆಯಂತೆ. ನಾನು ಬ್ಯಾಗಿನಲ್ಲಿದ್ದ ನಿನ್ನ ನವೆಂಬರ್ ಪತ್ರ ತೆಗೆದು ತೋರಿಸಿದೆ, ನೋಡಿ 124 ಇತ್ತು, ಪುಡಿಯನ್ನೂ ತಪ್ಪದೆ ಕುಡಿದಿದ್ದೇನೆ ಅಂತ. ಅವರು ಎರಡು ಸಲ ಓದಿ, "ಇದನ್ನ ಬರೆದೋರು ಯಾರು?" ಅಂದರು. ನಮ್ಮ ಸಿಸ್ಟರ್ ಅಂದೆ.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಡಿ ಕಮ್ಮಿ ಇರೋರಲ್ಲಿ ಬಿಪಿ ಜಾಸ್ತಿ ಕಾಣ್ಸುತ್ತೆ, ಅದು ನಿಜ. ಆದ್ರೆ ದಿನಾ ಹನ್ನೆರಡು ಗಂಟೆ ಒಳಗೆ ಕೂತಿರೋರು, ನಡೆದಾಡದೇ ಇರೋರು, ಸರಿಯಾಗಿ ನಿದ್ದೆ ಇಲ್ದೇ ಇರೋರು, ಅಂಥೋರಿಗೇ ಎರಡೂ ಬರುತ್ತೆ. ಒಂದರಿಂದಲೇ ಇನ್ನೊಂದು ಬಂತು ಅಂತ ಇನ್ನೂ ಯಾರೂ ಖಚಿತವಾಗಿ ತೋರಿಸಿಲ್ಲಮ್ಮ. ಪುಡಿ ಮೂಳೆಗೆ ಬೇಕು, ಕುಡೀರಿ. ಅದು ಬಿಪಿ ಮಾತ್ರೆ ಮಾಡೋ ಕೆಲಸ ಮಾಡಲ್ಲ. ನೀವು ಮಾತ್ರೆ ಬಿಟ್ಟಿದ್ದು ಯಾಕೆ?"

ಯಾಕೆ ಅಂತ ನಾನು ಹೇಳಲಿಲ್ಲ. ಆಗಲೂ ನಿನ್ನ ಹೆಸರಿಗೆ ಕೆಟ್ಟದಾಗಬಾರದು ಅಂತಲೇ ಇತ್ತು.

ಅಕ್ಟೋಬರಿನಲ್ಲಿ 124 ಇದ್ದದ್ದು ಫೆಬ್ರವರಿಗೆ 190 ಹೇಗಾಯಿತು ಅಂತ ತಿಳಿಯಲು ನಮ್ಮ ಹೆಲ್ತ್ ರೂಮಿಗೆ ಹೋದೆ. ಈಗ ಅಲ್ಲಿ ನಾಗಲಕ್ಷ್ಮಮ್ಮ ಅಂತ ವಯಸ್ಸಾದ ನರ್ಸು ಬಂದಿದ್ದಾರೆ. ಅವರು ಹಳೆಯ ರಿಜಿಸ್ಟರ್ ತೆಗೆದರು. ಹೆಡ್ ಆಫೀಸಿನಲ್ಲಿ ಇರಲಿಲ್ಲ ಯಮುನಾ, ನೀನು ಬಿಟ್ಟುಹೋದ ಬೀರುವಿನಲ್ಲೇ ಇತ್ತು. ಮೂವತ್ತೆಂಟು ಹೆಸರು. ಹನ್ನೊಂದು ಹೆಸರಿನ ಪಕ್ಕ ಕೆಂಪು ಟಿಕ್ಕು. 162, 170, 178, ಹೀಗೆ, ಎಲ್ಲ ನೂರ ಅರವತ್ತರ ಮೇಲೆ. ಟಿಕ್ಕು ಬಿದ್ದವರೆಲ್ಲ ಹೊರಗೆ.

ನನ್ನ ಸಾಲಿನಲ್ಲಿ ವೈಟ್ನರ್. ಅದರ ಮೇಲೆ 124/82. ನಾಗಲಕ್ಷ್ಮಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ಓದಿ, "ನೂರ ಎಪ್ಪತ್ತೆರಡು ಇದ್ದಂಗಿದೆ ಕಣಮ್ಮ" ಅಂದರು.

ಆ ನಾಲ್ಕು, ಮೇಲೆ ಬಾಯಿ ತೆರೆದಿರುವ ನಾಲ್ಕು, ನಿನ್ನದೇ. ನಿನ್ನ ಕೈಬರಹ ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ. ಬರೆದದ್ದು ನೀನೇನಾ?

ಶಿವಗಂಗಾ

*

ಆನೇಕಲ್
27 ಫೆಬ್ರವರಿ 2011

ಅಕ್ಕ,

ನಾನೇ ಬರೆದದ್ದು.

ಇದನ್ನು ಅಮ್ಮನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮೂರು ಹಾಳೆ ಹರಿದುಹಾಕಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ರಕ್ತ ತೆಗೆಯುವಾಗ ನನಗೆ ಏನೂ ಗೊತ್ತಿರಲಿಲ್ಲ. ಡಾಕ್ಟರು ಹೇಳಿದರು, ಕಿಟಕಿಯಿಲ್ಲದ ಹಾಲ್‌ನಲ್ಲಿ ಕೆಲಸ ಮಾಡುವವರ ಡಿ ನೋಡೋಣ, ಬಿಪಿಯನ್ನೂ ನೋಡೋಣ ಅಂತ. ಒಳ್ಳೆಯದೇ ಅಂದುಕೊಂಡೆ. ರಿಪೋರ್ಟು ಬಂದ ಎರಡನೇ ದಿನ ವಸಂತ್ ಸರ್ ಕರೆದರು. "ನೂರ ಅರವತ್ತರ ಮೇಲಿರೋರ ಹೆಸರು ಬರ್ಕೊಡಿ ಸಿಸ್ಟರ್. ಇನ್ಶೂರೆನ್ಸ್ ರಿನ್ಯೂವಲ್ ಇದೆ" ಅಂದರು. ಅವರಿಗೆ ಮಾತ್ರೆ ಶುರುಮಾಡಬೇಕಾ ಸರ್ ಅಂದೆ. ಅವರು ನಕ್ಕು, "ಅದೆಲ್ಲ ಆಮೇಲೆ. ನೀವು ಅವರಿಗೆ ಏನೂ ಹೇಳ್ಬೇಡಿ, ಪ್ಯಾನಿಕ್ ಆಗ್ತಾರೆ" ಅಂದರು. ಮಾತ್ರೆ ಕೊಡಲು ಅಲ್ಲ, ಇನ್ಶೂರೆನ್ಸ್ ದುಬಾರಿಯಾಗದಂತೆ ಅವರನ್ನು ತೆಗೆಯಲು ಅಂತ ಆಗಲೇ ಅರ್ಥವಾಗಿತ್ತು. ಗೊತ್ತಿರಲಿಲ್ಲ ಅಂತ ಈಗ ಬರೆದರೆ ಅದೂ ಸುಳ್ಳಾಗುತ್ತದೆ.

ಹನ್ನೆರಡು ಹೆಸರು ಇದ್ದವು. ಹನ್ನೆರಡನೆಯದು ನಿಮ್ಮದು. ನಿಮ್ಮ ಕೈಯ ರೊಟ್ಟಿ ಎಷ್ಟು ದಿನ ತಿಂದಿದ್ದೇನೆ ಅಕ್ಕ. ಬರೆಯಲಾಗಲಿಲ್ಲ. ರಿಜಿಸ್ಟರಿನಲ್ಲಿ ತಿದ್ದಿ ಹನ್ನೊಂದು ಹೆಸರು ಕೊಟ್ಟೆ. ಮೂರು ದಿನದಲ್ಲಿ ಕಾಯಂ ಆರ್ಡರ್ ಬಂತು, ಟ್ರಾನ್ಸ್‌ಫರ್ ಬಂತು. ಕೇಳಿ ಪಡೆದದ್ದಲ್ಲ. ಬೇಡ ಅನ್ನಲೂ ಇಲ್ಲ.

ಡಾಕ್ಟರ ಮಾತನ್ನು ನಾನು ನಿಜವಾಗಿ ನಂಬಿದ್ದೆ. ಡಿ ಏರಿದರೆ ಬಿಪಿ ತಾನಾಗಿ ಇಳಿಯುತ್ತದೆ, ಯಾರಿಗೂ ತಿಳಿಯುವುದು ಬೇಡ, ನಿಮ್ಮ ಕೆಲಸವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ ಅಂದುಕೊಂಡೆ. ನಂಬಲು ನನಗೆ ಅನುಕೂಲವಿತ್ತು. ಮಾತ್ರೆ ನಿಲ್ಲಿಸಿದೆ ಅಂತ ನಿಮ್ಮ ಪತ್ರ ಬಂದಾಗ ಉತ್ತರ ಬರೆಯಲು ಕೂತೆ. ಮಾತ್ರೆ ತಗೊಳ್ಳಿ ಅಂತ ಬರೆದರೆ ಯಾಕೆ ಅಂತಲೂ ಬರೆಯಬೇಕಿತ್ತು. ಐದು ವಾರ ಸುಮ್ಮನಿದ್ದೆ. ಆಮೇಲೆ "ತೆಗೆದುಕೊಂಡರೂ ತೊಂದರೆಯಿಲ್ಲ" ಅಂತ ಬರೆದೆ. ನೀವು ಅರ್ಥ ಮಾಡಿಕೊಳ್ಳುತ್ತೀರಿ ಅಂದುಕೊಂಡೆ.

ನಿಮ್ಮನ್ನು ಉಳಿಸಬೇಕು ಅಂತಲೇ ಮಾಡಿದ್ದು ಅಕ್ಕ. ಅದೊಂದನ್ನು ನಂಬಿ. ಕಣ್ಣಿಗೆ ಎಲ್ಲಿ ಬೇಕಾದರೂ ತೋರಿಸೋಣ, ನಾನೇ ಕರೆದುಕೊಂಡು ಹೋಗುತ್ತೇನೆ. ಈ ಪತ್ರವನ್ನು ಓದಿ ಹರಿದುಹಾಕಿ. ಇದು ಹೊರಗೆ ಹೋದರೆ ನಾನು ಮತ್ತೆಲ್ಲೂ ನರ್ಸ್ ಆಗಿ ಕೆಲಸ ಮಾಡುವ ಹಾಗಿಲ್ಲ.

ಯಮುನಾ

*

ಬಾಗಲಗುಂಟೆ
3 ಮಾರ್ಚ್ 2011

ಯಮುನಾ ಸಿಸ್ಟರ್ ಅವರಿಗೆ,

ಕೆಲಸ ಹೋಯಿತು ಅಂತಷ್ಟೇ ಆ ಹನ್ನೊಂದು ಜನರಿಗೆ ಗೊತ್ತು. ಕಾಯಿಲೆ ಇದೆ ಅಂತ ಇವತ್ತಿಗೂ ಗೊತ್ತಿಲ್ಲ. ರಿಜಿಸ್ಟರನ್ನು ವಸಂತ್ ಸರ್ ತರಿಸಿಕೊಂಡು ಬೀಗ ಹಾಕಿದ್ದಾರೆ. ನಿಮ್ಮ ಹತ್ತಿರ ಪ್ರತಿ ಇದ್ದೇ ಇರುತ್ತದೆ. ಹೆಸರು, ಸಂಖ್ಯೆ, ಸೇರುವಾಗ ಕೊಟ್ಟ ವಿಳಾಸ, ಮೂರನ್ನೂ ಬರೆದು ಕೂಡಲೇ ಕಳಿಸಿ. ಬೇರೆ ಏನೂ ಬರೆಯಬೇಡಿ.

ಶಿವಗಂಗಾ

*

ಎಲೆಕ್ಟ್ರಾನಿಕ್ ಸಿಟಿ
7 ಮಾರ್ಚ್ 2011

ಅಕ್ಕ,

ಪಟ್ಟಿ ಇದರ ಜೊತೆ ಇಟ್ಟಿದ್ದೇನೆ. ಮಲಕವ್ವನದ್ದು ಎಲ್ಲರಿಗಿಂತ ಹೆಚ್ಚು, ಅವಳನ್ನು ಮೊದಲು ನೋಡಿ. ನನ್ನ ಹೋದ ಪತ್ರ ಹರಿದುಹಾಕಿದಿರಾ? ಒಂದು ಮಾತು ಬರೆಯಿರಿ.

ಯಮುನಾ

*

ಬಾಗಲಗುಂಟೆ
10 ಏಪ್ರಿಲ್ 2011, ಭಾನುವಾರ

ಯಮುನಾ ಸಿಸ್ಟರ್ ಅವರಿಗೆ,

ಪತ್ರ ಹರಿಯಲಿಲ್ಲ.

ನೀವು ಕೊಟ್ಟ ವಿಳಾಸಗಳಲ್ಲಿ ಐದು ಕಡೆ ಬೀಗ, ಎರಡು ಕಡೆ ಬೇರೆ ಜನ. ಕೆಲಸ ಹೋದ ಮೇಲೆ ಬಾಡಿಗೆ ಕೋಣೆಯಲ್ಲಿ ಯಾರು ಇರುತ್ತಾರೆ? ನಾಲ್ಕು ಭಾನುವಾರ ಹುಡುಕಿದೆ. ಕಾಮಾಕ್ಷಿಪಾಳ್ಯಕ್ಕೆ ಮೊದಲು ಹೋದೆ. ಚನ್ನಕ್ಕ ಬಾಗಿಲಲ್ಲೇ ನಿಲ್ಲಿಸಿದಳು. ನಾನು ನಿಮ್ಮ ಪತ್ರ ಪೂರ್ತಿ ಓದಿದೆ, ನನ್ನ ಹೆಸರು ಅಳಿಸಿದ ಭಾಗವನ್ನೂ ಬಿಡದೆ. ಅವಳು ಕೇಳಿಸಿಕೊಂಡು, "ನಮ್ಮ ಹೆಸರ ಬರದಾಕಿನೂ ಆಕೀನ, ನಿನ್ನ ಹೆಸರ ಅಳಿಸಿದಾಕಿನೂ ಆಕೀನ" ಅಂದಳು. ಆಮೇಲೆ ನನ್ನ ಎಡಗಣ್ಣಿನ ಮುಂದೆ ಕೈ ಆಡಿಸಿ, "ಈ ಕೈ ಕಾಣ್ತತೇನು?" ಅಂತ ಕೇಳಿದಳು. ಅರ್ಧ ಕಾಣುತ್ತೆ ಅಂದೆ. ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಹೊರಟಳು. ಅವಳದ್ದು ನಿಮ್ಮ ಪಟ್ಟಿಯಲ್ಲಿ 178. ಆಸ್ಪತ್ರೆಯಲ್ಲಿ 180 ಬಂತು. ಈಗ ಮಾತ್ರೆ ನುಂಗುತ್ತಿದ್ದಾಳೆ.

ಚನ್ನಕ್ಕನೂ ಸೇರಿ ಎಂಟು ಜನರನ್ನು ಆಸ್ಪತ್ರೆಗೆ ಮುಟ್ಟಿಸಿದೆವು. ಇಬ್ಬರು ಊರಿಗೆ ಹೋಗಿದ್ದಾರೆ, ಕಾರ್ಡು ಬರೆದಿದ್ದೇನೆ, ಉತ್ತರ ಬಂದಿಲ್ಲ.

ಮಲಕವ್ವನನ್ನು ಮೊದಲು ನೋಡಿ ಅಂದಿದ್ದಿರಿ. ಅವಳು ವರ್ತೂರಿನ ಹತ್ತಿರ ಅಪಾರ್ಟ್‌ಮೆಂಟು ಕಟ್ಟುವಲ್ಲಿ ಜಲ್ಲಿ ಹೊರುತ್ತಿದ್ದಳು. ನಮಗೆ ಸಿಕ್ಕಿದ್ದು ಮಾರ್ಚ್ 20ಕ್ಕೆ. ಫೆಬ್ರವರಿ ಕೊನೆಯಲ್ಲೇ ಕೆಲಸದ ಜಾಗದಲ್ಲಿ ಬಿದ್ದಿದ್ದಾಳೆ. ಬಿಸಿಲಿಗೆ ತಲೆ ತಿರುಗಿತು ಅಂತ ಮೇಸ್ತ್ರಿ ನೀರು ಚಿಮುಕಿಸಿ ಶೆಡ್ಡಿನಲ್ಲಿ ಮಲಗಿಸಿದ್ದಾನೆ. ಎಡಗೈ, ಎಡಗಾಲು ಬಿದ್ದುಹೋಗಿವೆ. ಮಾತು ಬರುತ್ತದೆ, ತೊದಲುತ್ತದೆ. ಬೀಳುವ ಮೊದಲು ಎರಡು ತಿಂಗಳು ಪೂರ್ತಿ ಬಿಸಿಲಲ್ಲೇ ಕೆಲಸ ಮಾಡಿದವಳು ಅವಳು. ನಿಮ್ಮ ಸಂಖ್ಯೆ ಅವಳಿಗೆ ಅಕ್ಟೋಬರಿನಲ್ಲೇ ಗೊತ್ತಾಗಿದ್ದರೆ ದಿನಕ್ಕೊಂದು ಮಾತ್ರೆಯಿಂದ ಇದು ತಪ್ಪುತ್ತಿತ್ತು ಅಂತ ಅವಳನ್ನು ನೋಡಿದ ಡಾಕ್ಟರು ನನಗೆ ಹೇಳಿದರು. ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಚನ್ನಕ್ಕ ಹೇಳಿದಳು. ಮಲಕವ್ವ ಗೋಡೆ ಕಡೆ ಮುಖ ತಿರುಗಿಸಿದಳು.

ನನ್ನ ಕಣ್ಣು ಹೀಗೇ ಇರುತ್ತದಂತೆ. ಮೈಕ್ರೋಸ್ಕೋಪಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದ್ದಾರೆ. ಎಲ್ಲಿಯಾದರೂ ತೋರಿಸುತ್ತೇನೆ ಅಂತ ಬರೆದಿದ್ದಿರಿ. ಬೇಡ.

ನನ್ನನ್ನು ಉಳಿಸಲು ಮಾಡಿದೆ ಅಂತಲೂ ಬರೆದಿದ್ದಿರಿ. ಅದನ್ನು ಬಹಳ ಸಲ ಓದಿದೆ. ನಿಜವಿರಬಹುದು. ನಿಮ್ಮನ್ನು ತಂಗಿ ಅಂದುಕೊಂಡಿದ್ದೆ, ನೀವು ನನ್ನನ್ನು ಅಕ್ಕ ಅಂದುಕೊಂಡಿದ್ದೂ ಸುಳ್ಳಲ್ಲದೇ ಇರಬಹುದು. ಆದರೆ ನನ್ನ ಮೈಯೊಳಗೆ ಏನಾಗುತ್ತಿದೆ ಅಂತ ಜಗತ್ತಿನಲ್ಲಿ ಗೊತ್ತಿದ್ದವರು ನೀವೊಬ್ಬರೇ. ಅದನ್ನು ಬಿಟ್ಟು ಬೇರೆಲ್ಲ ಬರೆದಿರಿ.

ನಿಮ್ಮ ಪತ್ರದ ಪ್ರತಿ ತೆಗೆಸಿ, ಮೂಲವನ್ನು ಲೇಬರ್ ಆಫೀಸಿನಲ್ಲಿ ಕೊಟ್ಟಿದ್ದೇವೆ. ಒಂಬತ್ತು ಜನ ಸಹಿ ಹಾಕಿದ್ದಾರೆ. ಅದರಲ್ಲಿ ಮಲಕವ್ವನದ್ದು ಹೆಬ್ಬೆಟ್ಟು. ನನ್ನದು ಹತ್ತನೆಯದು. 25ನೇ ತಾರೀಕು ಸೋಮವಾರ ಹನ್ನೊಂದು ಗಂಟೆಗೆ ಕರೆದಿದ್ದಾರೆ, ವಸಂತ್ ಸರ್ ಅವರನ್ನೂ, ನಿಮ್ಮನ್ನೂ. ಇದರಿಂದ ನಿಮ್ಮ ಕೆಲಸ ಹೋಗಬಹುದು ಅಂತ ತಿಳಿದೇ ಮಾಡಿದ್ದೇನೆ. ನನ್ನದೂ ಹೋಗುತ್ತದೆ. 172 ಇದ್ದವಳು ಅಂತ ಗೊತ್ತಾದ ಮೇಲೆ ನನ್ನನ್ನು ಇಟ್ಟುಕೊಳ್ಳುವುದಿಲ್ಲ.

ಬರುವುದಾದರೆ ಬನ್ನಿ. ಬಂದರೆ ಮೊದಲು ನನ್ನ ಸಾಲಿನ ವಿಷಯ ಹೇಳಿ, ಅದು ಸುಳ್ಳು, ನಾನೇ ಬರೆದೆ ಅಂತ. ಉಳಿದ ಹನ್ನೊಂದು ನಿಜ ಅಂತ ಆಮೇಲೆ ಹೇಳಿ. ಎಲ್ಲರೂ ಅಲ್ಲೇ ಕೂತಿರುತ್ತೇವೆ.

ಶಿವಗಂಗಾ